ಒಂದು ಲಕ್ಷದೊಳಗೆ ಹದಿನಾರು ಜನ

ತೊಂಬತ್ತರ ದಶಕದ ಕೊನೆಯ ಮಾತು. ದಸರೆಗೆ ಇನ್ನು ಮೂರು ವಾರವಿತ್ತು. ಗೋಕಾಕದ ತಹಶೀಲ್ದಾರ ಕಚೇರಿಯ ಎದುರು ತಗಡಿನ ಚಪ್ಪರದ ಕೆಳಗಿದ್ದ ನನ್ನ ಮೇಜಿನ ಮುಂದೆ ನಮ್ಮ ಹಾಕಿ ತಂಡದ ಸೆಂಟರ್ ಫಾರ್ವರ್ಡ್‌ನ ಅಕ್ಕ ಬಂದು ಕುಳಿತರು. ಮೂಡಲಗಿ ಹತ್ತಿರದ ಹಳ್ಳಿಯೊಂದರ ಅಂಗನವಾಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಬಸ್ಸಿನಲ್ಲಿ ನಿಂತೇ ಬಂದಿದ್ದರೆಂದು ಕಾಣುತ್ತದೆ. ಸೆರಗಿನಿಂದ ಮುಖ ಒರೆಸಿಕೊಂಡು, ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಕಡೆ ಸರಿಸಿದರು.

“ರೈಟರ್ ಸಾಹೇಬ್ರ, ಮದಲ ಇದನ್ನ ಓದ್ರಿ. ಆಮ್ಯಾಲ ಮಾತಾಡೂಣು.”

ಕಾಗದ ಹೆದ್ದಾರಿ ಕಡೆಯ ಒಂದು ಸಂಘದ್ದು. ಈ ಅಕ್ಕನ ತಮ್ಮ ಬರುವ ಹಂಗಾಮಿನಲ್ಲಿ ಆ ಸಂಘದ ಪರವಾಗಿ ಆಡಿದರೆ ಮೂವತ್ತು ಸಾವಿರ ರೂಪಾಯಿ ಕೊಡುವುದಾಗಿ ಬರೆದಿತ್ತು. ಹಿಂದಿನ ವರ್ಷ ನಾವು ಕೊಟ್ಟದ್ದು ಹದಿನೆಂಟು ಸಾವಿರ.

“ಗೋಕಾಕ ಬಿಟ್ಟ ಹೋಗಬೇಕಂತ ನಮಗೇನ ಇಲ್ರಿ,” ಎಂದರು ಅವರು. “ಆದ್ರ ನಡುವಿನ ಹನ್ನೆರಡ ಸಾವಿರ ಅಂದ್ರ ನನಗ ಎರಡ ವರ್ಷದ ಪಗಾರಾತು. ಅದನ್ನ ಹೆಂಗ ಬಿಡಲಿ, ನೀವ ಹೇಳ್ರಿ.”

ಅವರ ಕಾಗದವನ್ನು ಇನ್ನೊಮ್ಮೆ ಓದಿದಂತೆ ಮಾಡಿ, ಒಂದು ವಾರ ಸಮಯ ಕೇಳಿದೆ.

ನನ್ನ ಉದ್ಯೋಗ ಬಾಂಡ್ ಬರೆಯುವುದು. ಖರೀದಿ ಪತ್ರ, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ, ಹೊಲ ಗೇಣಿಗೆ ಕೊಡುವ ಲಾವಣಿ ಪತ್ರ. ಹಾಕಿ ಕೋಲನ್ನು ನಾನು ಶಾಲೆಯಲ್ಲಿ ಎರಡು ವರ್ಷ ಹಿಡಿದದ್ದು ಬಿಟ್ಟರೆ ಆಟದ ಜ್ಞಾನ ಹೆಚ್ಚೇನಿಲ್ಲ. ಸಂಘದವರು ನನ್ನನ್ನು ಮ್ಯಾನೇಜರ್ ಮಾಡಿದ್ದು ಕರಾರುಪತ್ರ ಬರೆಯಲು ಬರುತ್ತದೆಂಬ ಕಾರಣಕ್ಕೆ. ಮೊದಲ ವರ್ಷ ಆಟಗಾರರ ಕರಾರಿಗೆ ಬೇರೆ ಮಾದರಿ ಸಿಗದೆ ಲಾವಣಿ ಪತ್ರವನ್ನೇ ತಿದ್ದಿ ಬರೆದಿದ್ದೆ. ಒಂದು ಪ್ರತಿಯಲ್ಲಿ “ಸದರಿ ಆಟಗಾರನನ್ನು ಕಬ್ಜೆಗೆ ಕೊಟ್ಟಿರುತ್ತದೆ” ಎಂದು ಉಳಿದುಹೋಗಿ ಎಲ್ಲರೂ ನಕ್ಕಿದ್ದರು.

ಕರಾರು ಬೇಕಾದದ್ದು ಮಿತಿಯಿಂದಾಗಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನ ಆರು ಸಂಘಗಳು ಪ್ರತಿವರ್ಷ ದೀಪಾವಳಿಯಿಂದ ಶಿವರಾತ್ರಿಯವರೆಗೆ ತಮ್ಮತಮ್ಮಲ್ಲೇ ಪಂದ್ಯ ಆಡುತ್ತಿದ್ದವು. ಒಂದೆರಡು ವರ್ಷ ಕೊಲ್ಹಾಪುರ, ಬೆಳಗಾವಿ ಕಡೆಯಿಂದ ಆಟಗಾರರನ್ನು ತರುವ ಪೈಪೋಟಿ ಬಿದ್ದು, ಒಂದು ಸಂಘ ತನ್ನ ಮೈದಾನದ ಕೋಣೆಯ ತಗಡುಗಳನ್ನೂ ಮಾರಿಕೊಂಡಿತು. ಆಮೇಲೆ ಆರೂ ಜನ ಅಧ್ಯಕ್ಷರು ಕೂಡಿ ಒಪ್ಪಂದ ಮಾಡಿದರು: ಯಾವ ತಂಡವೂ ಒಂದು ಹಂಗಾಮಿಗೆ ಎಲ್ಲ ಆಟಗಾರರಿಗೂ ಸೇರಿ ಒಂದು ಲಕ್ಷಕ್ಕಿಂತ ಹೆಚ್ಚು ಕೊಡಕೂಡದು. ಕನಿಷ್ಠ ಹದಿನಾರು ಆಟಗಾರರಿರಬೇಕು. ದಸರೆಯ ಹಿಂದಿನ ಸೋಮವಾರ ಸಂಜೆ ಐದರೊಳಗೆ ಎಲ್ಲ ಕರಾರುಗಳ ಪ್ರತಿ ಹುಕ್ಕೇರಿಯ ಸಮಿತಿಗೆ ಮುಟ್ಟಬೇಕು. ಅದರ ಜೊತೆ, ಇದರ ಹೊರಗೆ ರೊಕ್ಕವಾಗಲಿ ವಸ್ತುವಾಗಲಿ ಕೊಟ್ಟಿಲ್ಲವೆಂದು ಮ್ಯಾನೇಜರ್ ಸಹಿ ಮಾಡಿದ ಪತ್ರವೂ ಇರಬೇಕು. ಸುಳ್ಳೆಂದು ತಿಳಿದರೆ ತಂಡ ಹೊರಗೆ.

ಹಿಂದಿನ ವರ್ಷದ ಕರಾರುಗಳಲ್ಲಿ ನಮ್ಮ ಒಂದು ಲಕ್ಷ ಪೂರ್ತಿ ಹಂಚಿಹೋಗಿತ್ತು. ಸೆಂಟರ್ ಫಾರ್ವರ್ಡ್‌ಗೆ ಹದಿನೆಂಟು, ಗೋಲ್‌ಕೀಪರ್‌ಗೆ ಹದಿನಾರು, ಉಳಿದ ಹದಿನಾಲ್ಕು ಜನಕ್ಕೆ ಕೂಡಿ ಅರವತ್ತಾರು ಸಾವಿರ. ಈಗ ಒಬ್ಬನಿಗೆ ಹನ್ನೆರಡು ಸಾವಿರ ಹೆಚ್ಚು ಕೊಡಬೇಕೆಂದರೆ ಅದನ್ನು ಮತ್ತೊಬ್ಬರಿಂದ ಕಡಿಯಬೇಕು.

ಸಂಘದ ಅಧ್ಯಕ್ಷರದು ಪೇಟೆಯಲ್ಲಿ ದೊಡ್ಡ ಬಟ್ಟೆ ಅಂಗಡಿ. ಅಂದು ಸಂಜೆ ಹೋಗಿ ವಿಷಯ ಹೇಳಿದೆ. ಗಾದಿಯ ಮೇಲೆ ಕುಳಿತು ಕೇಳಿದರು.

“ಆ ಹುಡುಗನ ಬಿಡಾಕ ಆಗೂದುಲ್ಲ. ಹೋದ ವರ್ಷ ನಮ್ಮ ಗೋಲಿನಾಗ ಅರ್ಧಕ್ಕರ್ಧ ಅವನೂವ. ಕೀಪರ್ ವಯಸ್ಸಾತು, ಮೊಳಕಾಲ ಹೋಗೈತಿ. ಅವಗ ಹನ್ನೆರಡ ಮಾಡ್ರಿ. ಉಳದದ್ದ ಸಣ್ಣ ಹುಡುಗರದಾಗ ಅಷ್ಟಷ್ಟ ಕಡೀರಿ.”

“ಒಪ್ಪಲಿಲ್ಲಂದ್ರ?”

“ಒಪ್ತಾರ. ಎಲ್ಲಿ ಹೋಗ್ತಾರ?” ಎಂದವರು, ದನಿ ಇಳಿಸಿ ಮುಂದುವರಿಸಿದರು. “ಇಲ್ಲಾ, ಇನ್ನೊಂದ ಹಾದಿ ಐತಿ. ಆ ಹುಡುಗನ ಲಗ್ನ ಗೊತ್ತಾಗೇತಿ. ಲಗ್ನದ ಜವಳಿ ಎಲ್ಲಾ ನಮ್ಮ ಅಂಗಡ್ಯಾಗಿಂದ ಹೋಗ್ಲಿ. ಕರಾರಿನಾಗ ಬರೀಬ್ಯಾಡ್ರಿ.”

“ಸಾಹುಕಾರ್ರ, ಕೆಳಗ ಸಹಿ ಮಾಡಾಂವ ನಾನು.”

ಅವರು ಬೇಸರದಿಂದ ತಲೆ ಅಲ್ಲಾಡಿಸಿ, “ಹಂಗಾರ ಮದಲ ಹೇಳಿದ್ದ ಮಾಡ್ರಿ,” ಎಂದು ಗಿರಾಕಿಯ ಕಡೆ ತಿರುಗಿದರು.

ಮರುದಿನದಿಂದ ನನ್ನ ತಿರುಗಾಟ ಶುರುವಾಯಿತು. ಬೆಳಿಗ್ಗೆ ಮೇಜಿನ ಕೆಲಸ ಮಾಡಿ, ಮಧ್ಯಾಹ್ನದ ಬಸ್ಸು ಹಿಡಿದು ಒಂದೊಂದು ಊರಿಗೆ ಹೋಗುವುದು. ಒಬ್ಬ ಆಟಗಾರ ಗಿರಣಿಯಲ್ಲಿ, ಇನ್ನೊಬ್ಬ ಬೆಲ್ಲದ ಪೇಟೆಯಲ್ಲಿ, ಮತ್ತೊಬ್ಬ ಹೊಲದಲ್ಲಿ. ಹೋಗಿ ಕುಶಲ ಕೇಳಿ, ಚಹಾ ಕುಡಿದು, ಈ ಸಲ ನಿನಗೆ ಐನೂರೋ ಸಾವಿರವೋ ಕಡಿಮೆ ಎಂದು ಹೇಳಬೇಕು. ಜಗಳವಾಡುತ್ತಾರೆಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡು ಹೋಗುತ್ತಿದ್ದೆ. ಯಾರೂ ಜಗಳವಾಡಲಿಲ್ಲ. ತಲೆ ಕೆಳಗೆ ಹಾಕಿ “ಆತ್ರಿ” ಎನ್ನುತ್ತಿದ್ದರು. ಅದೇ ನನ್ನನ್ನು ಹೆಚ್ಚು ದಣಿಸಿತು.

ಘಟಪ್ರಭಾ ಸ್ಟೇಶನ್ ರಸ್ತೆಯಲ್ಲಿ ನಮ್ಮ ಸ್ಟಾಪರ್‌ನ ದರ್ಜಿ ಅಂಗಡಿಯಿತ್ತು. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲ್ ಗೆರೆಯಿಂದ ಒಬ್ಬ ಚೆಂಡು ತಳ್ಳುತ್ತಾನೆ. ವೃತ್ತದ ಅಂಚಿನಲ್ಲಿ ಸ್ಟಾಪರ್ ಬಗ್ಗಿ ಕೋಲು ನೆಲಕ್ಕೆ ಅಡ್ಡ ಹಿಡಿದು ಅದನ್ನು ನಿಲ್ಲಿಸುತ್ತಾನೆ. ಆಮೇಲೆ ಹೊಡೆಯುವವನು ಹೊಡೆಯುತ್ತಾನೆ. ನಮ್ಮ ಮೈದಾನಗಳಲ್ಲಿ ಹರಳು ಕಲ್ಲು. ಚೆಂಡು ಯಾವಾಗ ಪುಟಿಯುತ್ತದೆಂದು ಹೇಳಲಾಗುವುದಿಲ್ಲ. ಒಂಬತ್ತು ವರ್ಷದಿಂದ ಈ ಮನುಷ್ಯ ಅದನ್ನು ನಿಲ್ಲಿಸಿಕೊಡುತ್ತಿದ್ದ. ಅವನಿಗೆ ಬರುತ್ತಿದ್ದದ್ದು ನಾಲ್ಕು ಸಾವಿರ. ಮೂರೂವರೆ ಎಂದು ಹೇಳಿದೆ.

ಮಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡೇ ಅವನು ಕೇಳಿದ. “ಎಲ್ಲಾರದೂ ಕಡಿಮಿ ಆಗೇತ್ರಿ?”

“ಬಹಳ ಮಂದೀದು.”

“ಹಂಗಾರ ಆತ ಬಿಡ್ರಿ,” ಎಂದು ಮತ್ತೆ ಹೊಲಿಯತೊಡಗಿದ.

ಗೋಲ್‌ಕೀಪರ್ ಸಂಕೇಶ್ವರದವರು. ಅಣ್ಣನ ಗೊಬ್ಬರದ ಅಂಗಡಿಯಲ್ಲಿ ಕೂರುತ್ತಿದ್ದರು. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ. ಹನ್ನೊಂದು ವರ್ಷ ನಮ್ಮ ಗೋಲು ಕಾಯ್ದವರು. ಅವರೇ ತಂಡದ ಕ್ಯಾಪ್ಟನ್ ಕೂಡ. ಹಿಂದಿನ ಜನವರಿಯಲ್ಲಿ ಎದುರಾಳಿಯ ಜೊತೆ ಡಿಕ್ಕಿಯಾಗಿ ಅವರ ಮೊಣಕಾಲು ತಿರುಚಿತ್ತು. ಕೊನೆಯ ನಾಲ್ಕು ಪಂದ್ಯಗಳಿಗೆ ಅವರು ಬರಲಾಗಲಿಲ್ಲ. ಆ ನಾಲ್ಕು ಪಂದ್ಯಗಳ ಪಗಾರವನ್ನು ಸಂಘ ಹಿಡಿದುಕೊಂಡಿತ್ತು. ಕರಾರಿನಲ್ಲಿ ‘ಆಡಿದ ಪಂದ್ಯಗಳಿಗೆ’ ಎಂದು ಬರೆದವನು ನಾನೇ.

ನಾನು ಅಂಗಡಿ ಮೆಟ್ಟಿಲು ಹತ್ತುವಾಗ ಅವರು ಒಂದು ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕುಳಿತಿದ್ದರು. ಹನ್ನೆರಡು ಸಾವಿರವೆಂದು ಹೇಳಿದೆ.

“ಸೆಂಟರ್ ಫಾರ್ವರ್ಡ್‌ಗ ಎಷ್ಟ್ರಿ?”

“ಅದನ್ನ ಹೇಳಾಕ ಬರೂದುಲ್ಲ. ಒಬ್ಬರದು ಇನ್ನೊಬ್ಬರಿಗೆ ಹೇಳಬಾರದಂತ ಸಂಘದ ಪದ್ಧತಿ.”

“ಖರೆ. ಪದ್ಧತಿ.” ಕಾಲನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕಿಟ್ಟರು. “ರೈಟರ್ರ, ನನಗ ಹನ್ನೆರಡ ಕೊಡ್ರಿ, ಹತ್ತ ಕೊಡ್ರಿ, ಆದ್ರ ಯಾಕ ಅಂತ ಹೇಳ್ರಿ. ಮೊಳಕಾಲ ಹೋಗೇತಂತ ಕಡಿಮಿ ಮಾಡೀರೋ, ಮತ್ತೊಬ್ಬಂಗ ಕೊಡಾಕಂತ ಮಾಡೀರೋ? ಈ ಕಾಲ ಮನ್ಯಾಗ ಕುಂತಾಗ ಹೋದದ್ದಲ್ಲ.”

ಕರಾರುಪತ್ರವನ್ನು ಅವರ ಮುಂದಿಟ್ಟೆ. ಅವರು ಸಹಿ ಮಾಡಲಿಲ್ಲ. ವಾಪಸು ಬರುವಾಗ ಬಸ್ಸು ಹಿರಣ್ಯಕೇಶಿ ನದಿಯ ಸೇತುವೆಯ ಹತ್ತಿರ ಕೆಟ್ಟು ನಿಂತಿತು. ಒಂದು ತಾಸು ರಸ್ತೆಯ ಬದಿಗೆ ನಿಂತುಕೊಂಡೆ. ಯಾಕಾದರೂ ಈ ಕೆಲಸ ಒಪ್ಪಿಕೊಂಡೆನೋ ಎಂದು ಅಂದು ಮೊದಲ ಸಲ ಅನ್ನಿಸಿತು.

ವಾರ ಮುಗಿದಿತ್ತು. ಮೂಡಲಗಿಯಲ್ಲಿ ಇಳಿದು, ಟೆಂಪೊ ಹಿಡಿದು ಸೆಂಟರ್ ಫಾರ್ವರ್ಡ್‌ನ ಹಳ್ಳಿಗೆ ಹೋದೆ. ಅವನ ತಂದೆಯ ಕಾಲದವರೆಗೆ ಕುರಿ ಕಾಯ್ದ ಮನೆತನ. ಈಗ ಕಾಲುವೆ ಬಂದು ಮೂರು ಎಕರೆ ಕಬ್ಬು. ತಂದೆ ತೀರಿಕೊಂಡ ಮೇಲೆ ಅಕ್ಕನೇ ತಮ್ಮನನ್ನು ಬೆಳೆಸಿದ್ದು. ಅವನು ನನ್ನನ್ನು ನೋಡಿ ನಕ್ಕು, ಕುರ್ಚಿ ತಂದಿಟ್ಟು, ಕಟ್ಟೆಯ ಮೇಲೆ ಸುಮ್ಮನೆ ಕುಳಿತ. ಮೈದಾನದಲ್ಲಿ ಬಿಟ್ಟರೆ ಬೇರೆಲ್ಲೂ ಅವನ ದನಿ ನಾನು ಕೇಳಿದ್ದು ಕಡಿಮೆ.

“ಮೂವತ್ತ ಕೊಡಾಕ ನಮ್ಮ ಅಧ್ಯಕ್ಷರು ಒಪ್ಪ್ಯಾರ,” ಎಂದೆ.

ಅಕ್ಕ ಖುಷಿಪಡುತ್ತಾರೆಂದು ಭಾವಿಸಿದ್ದೆ. ಅವರು ತಮ್ಮನ ಕಡೆ ಒಮ್ಮೆ ನೋಡಿ, ನನ್ನ ಎದುರು ಬಂದು ಕುಳಿತರು.

“ಆ ಸಂಘದಾವ್ರು ಮೊನ್ನಿ ಮತ್ತ ಬಂದಿದ್ರು. ಮೂವತ್ತರ ಮ್ಯಾಲ ಇನ್ನೊಂದ ಅಂದ್ರು. ಸಕ್ಕರಿ ಕಾರ್ಖಾನ್ಯಾಗ ಅವರ ಕೈ ನಡೀತೈತಂತ. ನಮ್ಮ ಕಬ್ಬಿನ ಪಾಳಿ ಮದಲನೇ ತಿಂಗಳಕ್ಕ ಹಾಕಸ್ತಾರಂತ.”

ಕಬ್ಬು ಕಡಿಯುವ ಪಾಳಿ ಎಂದರೇನೆಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆ ಹಾಕಿದ ಸರದಿಯಲ್ಲಿ ಬೇಗ ಕಡಿದರೆ ತೂಕ, ತಡವಾದರೆ ಹೊಲದಲ್ಲೇ ಒಣಗಿ ನಷ್ಟ. ಯಾವ ಕರಾರಿನಲ್ಲೂ ಬರದ, ಯಾವ ಸಮಿತಿಗೂ ಹಿಡಿಯಲಾಗದ ಪಗಾರ ಅದು. ಇದರ ಎದುರು ನಾನು ಏನು ಕೊಡಬಲ್ಲೆ?

“ಮತ್ತ ನೀವ ಏನಂದ್ರಿ ಅಕ್ಕಾರ?”

“ಏನ ಅನ್ನಲ್ರಿ? ಈ ವರ್ಷ ಎಲ್ಲಾರಕಿಂತ ಮದಲ ನಮ್ಮ ಕಬ್ಬ ಹೋಕ್ಕೈತಿ. ಬಾಜೂ ಹೊಲದಾವ್ರು ಕಣ್ಣ ಮುಚಗೊಂಡ ಇರ್ತಾರೇನು? ಮುಂದಿನ ಬ್ಯಾಸಗ್ಯಾಗ ಕಾಲವಿ ನೀರ ಅವರ ಹೊಲದ ಮ್ಯಾಲ ಹಾದ ನಮಗ ಬರಬೇಕು. ಆಟ ಮುಗದಮ್ಯಾಲ ಆ ಸಂಘದಾವ್ರು ಬಂದ ನೀರ ಬಿಡಸ್ತಾರೇನು?” ಸ್ವಲ್ಪ ತಡೆದು ಕೇಳಿದರು. “ನಿಮ್ಮ ಕೀಪರ್‌ರದು ಮೊಳಕಾಲ ಹ್ವಾದಾಗ ನೀವ ಏನ ಕೊಟ್ರಿ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಏನೂ ಇಲ್ಲ.”

“ಘಟಪ್ರಭಾದ ದವಾಖಾನ್ಯಾಗ ನೋಡಿದ್ದೆ ಅವರನ್ನ. ಗ್ವಾಡಿ ಹಿಡಕೊಂಡ ಪಾಳಿ ಹಚ್ಚಿ ನಿಂತಿದ್ರು. ನಾಳೆ ಇವನೂ ಹಂಗ ನಿಂತರ ಮೂವತ್ತ ಸಾವಿರ ಎಷ್ಟ ದಿನಾ ಬರ್ತಾವ್ರಿ? ನನಗ ಮೂವತ್ತ ಬ್ಯಾಡ. ಮೂರ ವರ್ಷದ ಕರಾರ ಬರೀರಿ. ಪೆಟ್ಟ ಹತ್ತಿ ಮನ್ಯಾಗ ಕುಂತ್ರೂ ಪಗಾರ ನಿಲ್ಲಬಾರದು, ದವಾಖಾನಿ ಖರ್ಚ ಸಂಘದ್ದು. ಅಷ್ಟ ಬರದ್ರ ನಾ ಕಡಿಮಿಗೆ ಒಪ್ತೇನಿ.”

ಆ ರಾತ್ರಿ ಊಟ ಮಾಡುವಾಗಲೂ ಲೆಕ್ಕ ತಲೆಯಲ್ಲೇ ಇತ್ತು. ವರ್ಷಕ್ಕೆ ಇಪ್ಪತ್ತೆರಡರಂತೆ ಮೂರು ವರ್ಷ. ಪೆಟ್ಟಾದವರ ಖರ್ಚಿಗೆಂದು ಎಂಟು ಸಾವಿರ ಬೇರೆ ತೆಗೆದಿಟ್ಟರೆ? ಆ ಎಂಟು ಸಾವಿರ ಮಿತಿಯ ಹೊರಗೆ ಹೋದರೆ ಎಲ್ಲವೂ ಕೂಡುತ್ತಿತ್ತು.

ಮರುದಿನ ಅಧ್ಯಕ್ಷರಿಗೆ ಹೇಳಿದಾಗ ಅವರು ಪೂರ್ತಿ ಕೇಳಲೂ ಇಲ್ಲ. “ಮೂರ ವರ್ಷ? ಮುಂದಿನ ವರ್ಷ ಅವನ ಆಟ ಹ್ವಾದ್ರ? ಮೂವತ್ತ ತಗೊಂಡ ಒಂದ ವರ್ಷ ಆಡಂತ ಹೇಳ್ರಿ.”

ಹುಕ್ಕೇರಿಗೆ ಹೋಗಿ ಸಮಿತಿಯ ಮುಖ್ಯಸ್ಥರನ್ನು ಕಂಡೆ. ನಿವೃತ್ತ ಹೆಡ್‌ಮಾಸ್ತರರು, ತಪ್ಪಿಲ್ಲದ ಮನುಷ್ಯ. ಒಪ್ಪಂದದ ಪತ್ರವನ್ನು ಟ್ರಂಕಿನಿಂದ ತೆಗೆದು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿದರು.

“ಆಟಗಾರನ ಸಲುವಾಗಿ ಖರ್ಚಾಗೂದೆಲ್ಲಾ ಮಿತಿಯೊಳಗ ಬರ್ತೈತ್ರಿ. ಇಂದ ನಿಮಗ ಔಷಧದ ರೊಕ್ಕ ಬಿಟ್ಟೆ ಅಂದ್ರ, ನಾಳೆ ಒಬ್ಬಾಂವ ಎಮ್ಮಿ ಕೊಡಿಸಿ ಔಷಧ ಅಂತಾನ.”

“ಪೆಟ್ಟ ಆಗದಿದ್ರ ಆ ರೊಕ್ಕ ಉಳೀತೈತಲ್ರಿ ಸರ್?”

“ಉಳದದ್ದನ್ನ ಆಟಗಾರರಿಗೆ ಹಂಚ್ರಿ, ನನಗ ತಕರಾರಿಲ್ಲ. ಲಕ್ಷ ದಾಟಬಾರದು, ಅಷ್ಟ.”

ಕಬ್ಬಿನ ಪಾಳಿಯ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆ ಅಕ್ಕ ನಂಬಿ ಹೇಳಿದ್ದು, ಸಾಕ್ಷಿ ಕೇಳಿದರೆ ಅವರನ್ನೇ ಕರೆಯಬೇಕಾಗುತ್ತದೆ. ನುಂಗಿಕೊಂಡು ಎದ್ದು ಬಂದೆ.

ಶುಕ್ರವಾರ ಸಂಜೆ ಮೈದಾನಕ್ಕೆ ಹೋದರೆ ಅಭ್ಯಾಸಕ್ಕೆ ಬಂದಿದ್ದವರು ಐದು ಜನ. ಗೋಲ್‌ಕೀಪರ್ ಬಂದಿರಲಿಲ್ಲ. ಉಳಿದವರು ಯಾಕಿಲ್ಲವೆಂದು ಕೇಳಿದಾಗ ಒಬ್ಬ ನೆಲ ನೋಡುತ್ತ, “ನಮ್ಮ ರೊಕ್ಕ ಕಡದ ಯಾರಿಗೆ ಕೊಡಾಕತ್ತೀರಂತ ಎಲ್ಲಾರೂ ಕೇಳಾಕತ್ತಾರ್ರಿ,” ಎಂದ. “ಒಬ್ಬಾಂವ ನಲವತ್ತ ಅಂತಾನ, ಒಬ್ಬಾಂವ ಐವತ್ತ ಅಂತಾನ.”

ಸೋಮವಾರಕ್ಕೆ ಮೂರು ದಿನವಿತ್ತು. ಗೋಲಿನ ಕಂಬದ ಹತ್ತಿರ ಕಲ್ಲಿನ ಮೇಲೆ ಕುಳಿತೆ. ಎರಡು ವಾರ ನಾನು ಹದಿನಾರು ಜನರ ಬಳಿಗೆ ಬೇರೆಬೇರೆಯಾಗಿ ಹೋಗಿ, ಬೇರೆಬೇರೆ ಮಾತು ಹೇಳಿ ಬಂದಿದ್ದೆ. ಒಬ್ಬನಿಗೂ ಪೂರ್ತಿ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅವರು ತಮಗೆ ತೋಚಿದಂತೆ ತುಂಬಿಕೊಂಡಿದ್ದರು. ಹೊಲ ವಾಟ್ನಿ ಮಾಡುವಾಗ ಅಣ್ಣತಮ್ಮಂದಿರೆಲ್ಲರ ಎದುರು ಗಟ್ಟಿಯಾಗಿ ಓದದೆ ಒಂದು ಹೆಬ್ಬೆಟ್ಟನ್ನೂ ನಾನು ತೆಗೆದುಕೊಂಡವನಲ್ಲ. ಇಲ್ಲಿ ಮಾತ್ರ ಯಾಕೆ ಮುಚ್ಚಿಟ್ಟೆ? ಅಧ್ಯಕ್ಷರನ್ನು ಕೇಳಿದರೆ ಬೇಡವೆನ್ನುತ್ತಾರೆ. ಆದ್ದರಿಂದ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಮೈದಾನಕ್ಕೆ ಬರಬೇಕೆಂದು ಆ ಐದು ಜನರ ಕೈಯಲ್ಲಿ ಹೇಳಿ ಕಳಿಸಿದೆ. ಸಂಕೇಶ್ವರದ ಅಂಗಡಿಗೂ ಮೂಡಲಗಿ ಕಡೆಗೂ ಶನಿವಾರ ನಾನೇ ಹೋದೆ.

ಭಾನುವಾರ ಹದಿನಾರೂ ಜನ ಬಂದರು. ಅಕ್ಕನೂ ಬಂದು ಬೇವಿನ ಗಿಡದ ಕೆಳಗೆ ನಿಂತರು. ಗೋಲ್‌ಕೀಪರ್ ಕೋಲೂರಿಕೊಂಡು ಎಲ್ಲರಿಗಿಂತ ದೂರ ಕುಳಿತರು. ನಾನು ಹಿಂದಿನ ವರ್ಷದ ಹಾಳೆ ತೆಗೆದು ಹೆಸರು ಹೆಸರಾಗಿ ಓದಿದೆ.

ಮೊದಲ ಎರಡು ಹೆಸರಿಗೆ ಯಾರೂ ಮಾತಾಡಲಿಲ್ಲ, ಅವು ಹೆಚ್ಚಿರುತ್ತವೆಂದು ಎಲ್ಲರಿಗೂ ಗೊತ್ತಿತ್ತು. ಗದ್ದಲವಾದದ್ದು ಆಮೇಲೆ. ಸ್ಟಾಪರ್ ನಾಲ್ಕು ಸಾವಿರ ಎಂದೆ. ಲೆಫ್ಟ್ ವಿಂಗ್ ಏಳು ಸಾವಿರ ಎಂದೆ. ಲೆಫ್ಟ್ ವಿಂಗ್ ಆಡುವವನು ಬಂದು ಒಂದೇ ವರ್ಷವಾಗಿತ್ತು. ಅಧ್ಯಕ್ಷರ ವ್ಯಾಪಾರದ ಗೆಳೆಯರೊಬ್ಬರ ಮಗ. ಎಲ್ಲರೂ ಅವನ ಕಡೆ ತಿರುಗಿದರು. ಸ್ಟಾಪರ್ ಮಾತ್ರ ನನ್ನನ್ನು ನೋಡಿದ.

“ಒಂಬತ್ತ ವರ್ಷಾತ್ರಿ ನನಗ,” ಎಂದ. ಅಷ್ಟೇ. ನಾನು ಹಾಳೆಯಿಂದ ತಲೆ ಎತ್ತಲಿಲ್ಲ, ಮುಂದಿನ ಹೆಸರು ಓದಿದೆ.

ಓದಿ ಮುಗಿಸಿ, ಸಮಿತಿಯವರು ಹೇಳಿದ್ದನ್ನು ಹೇಳಿದೆ. ಅಧ್ಯಕ್ಷರು ಹೇಳಿದ್ದನ್ನೂ ಹೇಳಿದೆ, ಲಗ್ನದ ಜವಳಿಯ ಮಾತೊಂದನ್ನು ಬಿಟ್ಟು. ಅಕ್ಕ ಕೇಳುತ್ತಿರುವ ಕಲಮನ್ನು ಓದಿದೆ: ‘ಪಂದ್ಯದಲ್ಲಾಗಲಿ ಅಭ್ಯಾಸದಲ್ಲಾಗಲಿ ಪೆಟ್ಟಾಗಿ ಆಡಲಾರದೆ ಹೋದಲ್ಲಿ ಉಳಿದ ಹಂಗಾಮಿನ ಪಗಾರವನ್ನು ನಿಲ್ಲಿಸತಕ್ಕದ್ದಲ್ಲ. ದವಾಖಾನೆಯ ಖರ್ಚನ್ನು ಸಂಘವು ಭರಿಸತಕ್ಕದ್ದು.’

“ಅದು ಅವಗ ಒಬ್ಬಂಗೇನ್ರಿ?” ದೂರದಿಂದ ಗೋಲ್‌ಕೀಪರ್ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಗಿಡದ ಕೆಳಗಿನಿಂದ ಮುಂದೆ ಬಂದರು. “ಒಬ್ಬಂಗ ಬ್ಯಾಡ್ರಿ. ಇವಗ ಒಬ್ಬಂಗ ಬರದ್ರ, ಚೆಂಡ ನಿಂದರಿಸಿ ಕೊಡಾಂವ ಯಾಕ ಕೊಡ್ತಾನ? ಎಲ್ಲಾರಿಗೂ ಬರೀರಿ.”

“ರೊಕ್ಕ ಎಲ್ಲಿಂದ ಬರ್ತೈತಿ?” ಲೆಫ್ಟ್ ವಿಂಗ್ ಕೇಳಿದ.

“ಇದ ಲಕ್ಷದಾಗಿಂದ,” ಎಂದೆ. “ಎಂಟ ಸಾವಿರ ತೆಗದ ಇಡೂದು. ಪೆಟ್ಟ ಆಗ್ಲಿಲ್ಲಂದ್ರ ಶಿವರಾತ್ರಿಗೆ ಹದಿನಾರ ಮಂದಿಗೆ ಸಮ ಹಂಚೂದು. ಉಳೂದು ತೊಂಬತ್ತೆರಡ. ಅದನ್ನ ಹೆಂಗ ಹಂಚಬೇಕಂತ ನೀವ ಹೇಳ್ರಿ. ನನಗ ಸಾಕಾಗೇತಿ.”

ಎರಡು ತಾಸು ನಡೆಯಿತು. ಹಳೆಯ ಸಿಟ್ಟುಗಳೆಲ್ಲ ಹೊರಬಂದವು. ಯಾರ ಬಸ್ ಚಾರ್ಜು ಯಾರು ಕೊಟ್ಟರು, ಯಾರನ್ನು ಯಾವ ಪಂದ್ಯದಲ್ಲಿ ಕೂರಿಸಿದರು. ಕೊನೆಗೆ ಗೋಲ್‌ಕೀಪರ್ ಎದ್ದು ಮಧ್ಯಕ್ಕೆ ಬಂದರು.

“ನನ್ನ ಹದಿನಾರರಾಗ ಎರಡ ಬಿಡತೇನಿ. ನಾಕ ಬಿಡೂದುಲ್ಲ. ಈ ವರ್ಷ ಆದಮ್ಯಾಲ ಗೋಲಿನಾಗ ನಿಂದ್ರೂದು ಆಗೂದುಲ್ಲ, ಅದ ನನಗ ಗೊತ್ತೈತಿ. ಹ್ವಾದ ವರ್ಷ ನಾಕ ಮ್ಯಾಚಿನ ಪಗಾರ ಹಿಡದೀರಿ, ಅದನ್ನ ಕೇಳೂದುಲ್ಲ. ಕಲಂ ಮಾತ್ರ ಎಲ್ಲಾರಿಗೂ ಇರ್ಲಿ.”

“ಇವಂದು ಇಪ್ಪತ್ನಾಕ,” ಎಂದರು ಅಕ್ಕ.

“ಇಪ್ಪತ್ತ,” ಎಂದ ಯಾರೋ.

ಆಗ ಸೆಂಟರ್ ಫಾರ್ವರ್ಡ್ ಕುಳಿತಲ್ಲಿಂದಲೇ, “ಅಕ್ಕಾ, ಇಪ್ಪತ್ತೆರಡ ಸಾಕ ಬಿಡು. ಇವರ ಕೂಡ ಆಡಬೇಕು ನಾ,” ಎಂದ. ಅಕ್ಕ ಅವನನ್ನು ಸಿಟ್ಟಿನಿಂದ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಮೂರ ವರ್ಷ. ಅದರಾಗ ಬದಲ ಇಲ್ಲ,” ಎಂದರು.

ಸೆಂಟರ್ ಫಾರ್ವರ್ಡ್‌ಗೆ ಇಪ್ಪತ್ತೆರಡು, ಗೋಲ್‌ಕೀಪರ್‌ಗೆ ಹದಿನಾಲ್ಕು. ಉಳಿದ ಐವತ್ತಾರು ಸಾವಿರ, ಮಿಕ್ಕ ಹದಿನಾಲ್ಕು ಜನಕ್ಕೆ ಸಮನಾಗಿ ನಾಲ್ಕು ನಾಲ್ಕು ಸಾವಿರ. ಸಮ ಹಂಚಿಕೆ ಎಂದ ಕೂಡಲೇ ಲೆಫ್ಟ್ ವಿಂಗ್ ಕೋಲನ್ನು ಚೀಲಕ್ಕೆ ಹಾಕಿಕೊಂಡು ಮೋಟರ್ ಸೈಕಲ್ ಚಾಲೂ ಮಾಡಿ ಹೊರಟುಹೋದ. ಯಾರೂ ತಡೆಯಲಿಲ್ಲ. ಉಳಿದವರೆಲ್ಲ ಅಲ್ಲೇ, ನನ್ನ ತೊಡೆಯ ಮೇಲಿನ ರಟ್ಟಿನ ಮೇಲೆ ಸಹಿ ಮಾಡಿದರು.

ಈಗ ಹದಿನೈದೇ ಜನ. ನಿಯಮದಂತೆ ಹದಿನಾರು ಬೇಕು, ಉಳಿದದ್ದು ಒಂದೂವರೆ ದಿನ. ನಿಡಸೋಸಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊಡಗಿನ ಕಡೆಯ ವಿದ್ಯಾರ್ಥಿಯೊಬ್ಬ ಸಂಜೆ ಒಬ್ಬನೇ ಗೋಡೆಗೆ ಚೆಂಡು ಹೊಡೆಯುತ್ತಾನೆಂದು ಗೋಲ್‌ಕೀಪರ್ ಹೇಳಿದರು. ಇಬ್ಬರೂ ಬಸ್ಸು ಹತ್ತಿದೆವು. ಹಾಸ್ಟೆಲ್ಲಿನ ಗೇಟಿನಲ್ಲಿ ಅವನನ್ನು ಕರೆಸಿದೆವು. ಪರೀಕ್ಷೆ ಇದ್ದಾಗ ಬರುವುದಿಲ್ಲವೆಂದ, ಆಗಲಿ ಎಂದೆವು. ಪಗಾರವೆಷ್ಟೆಂದು ಕೇಳಲೇ ಇಲ್ಲ. ಕಲಮುಗಳನ್ನೆಲ್ಲ ಓದಿ ಹೇಳಿದ ಮೇಲೆ, ಮೈದಾನದಲ್ಲಿ ಕಲ್ಲು ಬಹಳವೇ ಎಂದಷ್ಟೇ ಕೇಳಿ ಸಹಿ ಹಾಕಿದ.

ಇನ್ನು ಉಳಿದದ್ದು ಅಧ್ಯಕ್ಷರ ಸಹಿ. ಅದಿಲ್ಲದೆ ಯಾವ ಕರಾರೂ ನಡೆಯುವುದಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋದೆ. ಸುದ್ದಿ ಆಗಲೇ ಮುಟ್ಟಿತ್ತು.

“ರೈಟರ್ರ, ನನ್ನ ಒಂದ ಮಾತ ಕೇಳಲಾರದ ಎಲ್ಲಾರ ಮುಂದ ಹಾಳಿ ಓದಿದ್ರಿ. ನನ್ನ ಗೆಳ್ಯಾನ ಮಗನ್ನ ಎದ್ದ ಹೋಗೂವಂಗ ಮಾಡಿದ್ರಿ. ಈಗ ಸಹಿ ಬೇಕು.”

“ಹೌದ್ರಿ.”

“ಮಾಡಲಿಲ್ಲಂದ್ರ?”

“ಐದಕ್ಕ ಸಮಿತಿ ಬಾಗಲಾ ಹಾಕ್ತಾರ. ಈ ವರ್ಷ ಗೋಕಾಕಕ್ಕ ತಂಡ ಇರೂದುಲ್ಲ.”

ಅಷ್ಟರಲ್ಲಿ ಗೋಲ್‌ಕೀಪರ್ ಬಂದರು. ಸಂಕೇಶ್ವರದಿಂದ ಬೆಳಗಿನ ಮೊದಲ ಬಸ್ಸಿಗೆ ಬಂದಿರಬೇಕು. ಅಂಗಡಿಯ ಐದು ಮೆಟ್ಟಿಲನ್ನು ಒಂದೊಂದಾಗಿ, ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಹತ್ತಿದರು. ಅಧ್ಯಕ್ಷರು ಅದನ್ನು ನೋಡಿದರು. ಗೋಲ್‌ಕೀಪರ್ ನಮಸ್ಕಾರ ಮಾಡಿ, ಗಾದಿಯ ಅಂಚಿಗೆ ಕುಳಿತು, ಮೊಣಕಾಲು ಚಾಚಿಕೊಂಡರು. ಕೆಲಸದವರು ಬಟ್ಟೆಯ ಥಾನು ಬಿಚ್ಚುವುದನ್ನು ನಿಲ್ಲಿಸಿ ನಿಂತರು. ಅಧ್ಯಕ್ಷರು ಪೆನ್ನಿಗೆ ಕೈ ಚಾಚಿದರು.

ಹದಿನಾರು ಸಹಿ ಮಾಡುವ ತನಕ ತಲೆ ಎತ್ತಲಿಲ್ಲ. ಕೊನೆಯದನ್ನು ನನ್ನ ಕೈಗೆ ಕೊಡುತ್ತ, “ಈ ಹಂಗಾಮ ಮುಗಿಯೂತನಾ ನೀವು. ಆಮ್ಯಾಲ ಬ್ಯಾರೆಯವರನ್ನ ನೋಡತೇವಿ,” ಎಂದರು.

ಹುಕ್ಕೇರಿಗೆ ಮುಟ್ಟಿದಾಗ ನಾಲ್ಕೂಕಾಲು ಗಂಟೆ. ಹೆಡ್‌ಮಾಸ್ತರರು ಪ್ರತಿಯೊಂದನ್ನೂ ಕೂಡಿಸಿ, ಎರಡನೆಯ ಸಲವೂ ಕೂಡಿಸಿ, ಸರಿಯಾಗಿ ಒಂದು ಲಕ್ಷವೆಂದು ಬರೆದುಕೊಂಡರು. ಮ್ಯಾನೇಜರ್ ಪತ್ರದ ಕೆಳಗೆ ನಾನು ಸಹಿ ಮಾಡಿದೆ. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತವನು ನಿದ್ದೆ ಹೋದೆ. ಎರಡು ಬಸ್ಸು ತಪ್ಪಿದವು.

ಆ ವರ್ಷ ನಾವು ಗೆಲ್ಲಲಿಲ್ಲ. ಆರರಲ್ಲಿ ಮೂರನೆಯವರಾದೆವು. ಸೆಂಟರ್ ಫಾರ್ವರ್ಡ್ ಚೆನ್ನಾಗಿಯೇ ಆಡಿದ. ಹೆದ್ದಾರಿ ಕಡೆಯ ಸಂಘದವರು ಮೂವತ್ತು ಸಾವಿರಕ್ಕೆ ಬೆಳಗಾವಿಯ ಕಡೆಯಿಂದ ಯಾರನ್ನೋ ತಂದು ಮೊದಲಿಗರಾದರು. ಜನವರಿಯ ಒಂದು ಪಂದ್ಯದಲ್ಲಿ ಪೆನಾಲ್ಟಿ ಕಾರ್ನರ್ ಚೆಂಡು ಹರಳಿಗೆ ತಾಗಿ ಪುಟಿದು ಸ್ಟಾಪರ್‌ನ ಬಲಗೈಯ ಎರಡು ಬೆರಳು ಮುರಿದವು. ದರ್ಜಿಗೆ ಬೆರಳೆಂದರೆ ಅನ್ನ. ಪ್ಲಾಸ್ಟರ್ ಹಾಕಿಸಿಕೊಂಡು ನಾಲ್ಕನೆಯ ದಿನ ದವಾಖಾನೆಯ ಚೀಟಿಗಳನ್ನು ಹಿಡಿದು ನನ್ನ ಮೇಜಿನ ಹತ್ತಿರ ಬಂದ. ಬಹಳ ಹೊತ್ತು ನಿಂತೇ ಇದ್ದ.

“ಅವತ್ತ ಓದಿದ್ರಲ್ರಿ, ಆ ಕಲಂ... ಅದು ನನಗೂ ನಡೀತೈತ್ರಿ?”

ಕುಳಿತುಕೊಳ್ಳಲು ಹೇಳಿ, ಚೀಟಿಗಳನ್ನು ತೆಗೆದುಕೊಂಡೆ. ಎಂಟು ಸಾವಿರದಲ್ಲಿ ಅವನ ದವಾಖಾನೆ ಖರ್ಚು ಹೋಗಿ ಉಳಿದದ್ದನ್ನು ಶಿವರಾತ್ರಿಯ ಮರುದಿನ ಹಂಚಿದೆವು. ಆಡದ ಪಂದ್ಯಗಳ ಪಗಾರವೂ ಅವನಿಗೆ ಬಂತು. ಅದರ ಮರುವಾರ ಅಧ್ಯಕ್ಷರು ಹೇಳಿ ಕಳಿಸಿದರು. ಸಂಘದ ಫೈಲು, ರಬ್ಬರ್ ಸ್ಟ್ಯಾಂಪು ಎಲ್ಲ ಕೊಟ್ಟು ಬಂದೆ. ನಿಜ ಹೇಳಬೇಕೆಂದರೆ ಬೇಸರವಾಗಲಿಲ್ಲ, ಬಹಳ ದಿನದ ಮೇಲೆ ಅಂದು ಮಧ್ಯಾಹ್ನ ಮನೆಗೆ ಹೋಗಿ ಮಲಗಿದೆ.

ಮುಂದಿನ ಸೆಪ್ಟೆಂಬರಿನಲ್ಲಿ ಹೊಸ ಮ್ಯಾನೇಜರ್ ನನ್ನ ಮೇಜಿಗೆ ಬಂದರು. ಕರಾರು ಬರೆಯಲು ಅವರಿಗೂ ಬೇರೆ ಯಾರೂ ಸಿಕ್ಕಿರಲಿಲ್ಲ. ಹಿಂದಿನ ವರ್ಷದ ಪ್ರತಿಯನ್ನು ನನ್ನ ಮುಂದಿಟ್ಟು, ಪೆಟ್ಟಿನ ಕಲಮಿನ ಮೇಲೆ ಬೆರಳಿಟ್ಟರು.

“ಇದೊಂದ ಬಿಟ್ಟ ಬರೀರಿ ಅಂದಾರ್ರಿ ಅಧ್ಯಕ್ಷರು. ಎಂಟ ಸಾವಿರಕ್ಕ ಇನ್ನೊಬ್ಬ ಛಲೋ ಆಟಗಾರ ಬರ್ತಾನಂತ.”

“ಬಿಡತೇನಿ. ನನಗೇನ, ಹೇಳಿದ್ದ ಬರ್ಯಾಂವ ನಾನು,” ಎಂದೆ. “ಆದ್ರ ಹುಡುಗರಿಗೆ ಹೇಳೀರೇನು?”

“ಇಲ್ರಿ.”

“ಅವರನ್ನ ಕೂಡಿಸಿ, ಇದನ್ನ ತಗದೇವಂತ ಓದಿ ಹೇಳ್ರಿ. ಹೇಳಿದ ಮರದಿನ ಬರ್ರಿ, ಬರದ ಕೊಡತೇನಿ.”

ಅವರು ಕಾಗದ ಮಡಿಸಿಕೊಂಡು ಹೋದರು. ನಾಲ್ಕು ದಿನ ಬರಲಿಲ್ಲ. ಐದನೆಯ ದಿನ, ಮೂರು ವರ್ಷದ ಕರಾರಿದ್ದ ಸೆಂಟರ್ ಫಾರ್ವರ್ಡ್‌ನನ್ನು ಬಿಟ್ಟು ಉಳಿದವರಿಗೆಂದು ಹದಿನೈದು ಸ್ಟ್ಯಾಂಪ್ ಪೇಪರ್ ತಂದು ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ, “ಹ್ವಾದ ವರ್ಷ ಇದ್ದಂಗ ಬರೀರಿ,” ಎಂದರು.

ಪೆನ್ನಿನ ಮುಚ್ಚಳ ತೆಗೆದು ಮೊದಲನೆಯದನ್ನು ಹತ್ತಿರ ಎಳೆದುಕೊಂಡೆ.